ಗಲ್ಲಾಕ್ಕೆ ಬಿದ್ದ ಜಗತ್ತು: ಮುಂಬೈಯಲ್ಲಿ ಕೂತು ದೇಶದೇಶದ ಹಳೆ ನಾಣ್ಯ ಕೂಡಿಸುವುದು, ಹಂಚಿಕೊಳ್ಳುವುದು ಹೇಗೆ

ನಮ್ಮಪ್ಪ ಮುಂಬೈಯ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತೆಂಟು ವರ್ಷ ಕೂತವರು. ಬಂದರು ಹತ್ತಿರ. ಹಡಗಿನವರು ಬರುತ್ತಿದ್ದರು, ಕೊಲಾಬಾದ ಲಾಡ್ಜುಗಳಲ್ಲಿ ಇಳಿದ ವಿದೇಶಿಯರು ಬರುತ್ತಿದ್ದರು. ಮಧ್ಯಾಹ್ನದ ರಶ್ಶಿನಲ್ಲಿ ಚಿಲ್ಲರೆ ಜೊತೆ ಯಾವುದೋ ದೇಶದ ಬಿಲ್ಲೆಯೂ ಗಲ್ಲಾಕ್ಕೆ ಬೀಳುತ್ತಿತ್ತು. ಅದು ಗೊತ್ತಾಗುತ್ತಿದ್ದುದು ರಾತ್ರಿ ಲೆಕ್ಕ ಮಾಡುವಾಗ. ಅಪ್ಪ ಅಷ್ಟು ದುಡ್ಡನ್ನು ಸ್ವಂತ ಜೇಬಿನಿಂದ ಹಾಕಿ, ಆ ಬಿಲ್ಲೆಯನ್ನು ಡೊಂಬಿವಲಿಯ ಮನೆಗೆ ತಂದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದರು.

ಅಪ್ಪ ಹೋದ ಮೇಲೆ ಬಾಟಲಿ ಸುರಿದು ಎಣಿಸಿದೆ. ಮುನ್ನೂರಕ್ಕೂ ಜಾಸ್ತಿ ಇದ್ದವು. ಯಾವುದು ಯಾವಾಗ ಬಂತು, ಯಾರು ಕೊಟ್ಟರು ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಅದಕ್ಕೇ ನನ್ನ ಮಾರ್ಗದರ್ಶಿ ಆಲ್ಬಮ್ಮಿನಿಂದ ಅಲ್ಲ, ಚೀಟಿಯಿಂದ ಶುರುವಾಗುತ್ತದೆ.

ಮೊದಲ ದಿನ: ಚೀಟಿ ಬರೆಯಿರಿ, ತೊಳೆಯಬೇಡಿ

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರುತ್ತದೆ. ದೇವರ ಮನೆಯ ಮೂಲೆಯಲ್ಲೋ, ಅಜ್ಜಿಯ ಟ್ರಂಕಿನಲ್ಲೋ. ಅದನ್ನು ಕೆಳಗೆ ಸುರಿಯುವ ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದನ್ನೇ ಅವರ ಕೈಗೆ ಕೊಡಿ. "ಇದು ನಿಮ್ಮ ದೊಡ್ಡಪ್ಪ ಬಹ್ರೇನಿನಿಂದ ತಂದದ್ದು" ಎಂದರೆ ಹಾಗೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ನಾಣ್ಯದ ದೇಶ, ವರ್ಷ, ಲೋಹ ಇವನ್ನೆಲ್ಲ ಹತ್ತು ವರ್ಷ ಬಿಟ್ಟು ಬೇಕಾದರೂ ಪತ್ತೆ ಮಾಡಬಹುದು. ಅಜ್ಜಿಗೆ ಗೊತ್ತಿರುವುದನ್ನು ಅಜ್ಜಿಯೇ ಹೇಳಬೇಕು.

ಇನ್ನು ತೊಳೆಯುವ ವಿಷಯ. ಇದನ್ನು ನಾನು ತಲೆ ತಗ್ಗಿಸಿಕೊಂಡೇ ಹೇಳಬೇಕು. ಅಜ್ಜಿಯ ಹತ್ತಿರ ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ಒಂದಿತ್ತು. ಕಪ್ಪಗಾಗಿತ್ತು. ನಾನು ಹುಣಸೆಹಣ್ಣು, ಉಪ್ಪು ಹಾಕಿ ತಾಮ್ರದ ಚೊಂಬು ತಿಕ್ಕಿದ ಹಾಗೆ ತಿಕ್ಕಿದೆ. ಫಳಫಳ ಹೊಳೆಯಿತು. ಫೋರ್ಟಿನ ಒಬ್ಬ ಹಳೆ ವ್ಯಾಪಾರಿಗೆ ತೋರಿಸಿದಾಗ ಅವರು ಒಂದು ಸಲ ಬೆಳಕಿಗೆ ಹಿಡಿದು ನೋಡಿ, "ಘಿಸಾ ಹುವಾ ಹೈ", ಅಂದರೆ ತಿಕ್ಕಿದ್ದಾರೆ, ಎಂದು ವಾಪಸ್ ಇಟ್ಟರು. ಕಪ್ಪು ಪದರ ಎಂದರೆ ಕೊಳೆಯಲ್ಲ. ಬೆಳ್ಳಿ ಗಾಳಿಯಲ್ಲಿನ ಗಂಧಕದ ಜೊತೆ ಸೇರಿ ವರ್ಷಗಟ್ಟಲೆ ಕಟ್ಟಿಕೊಂಡ ಬಣ್ಣ ಅದು. ತಿಕ್ಕಿದರೆ ಅದರ ಜೊತೆ ಲೋಹದ ಮೇಲ್ಮೈಯೂ ಹೋಗುತ್ತದೆ, ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಬೆಲೆಯೂ ಹೋಯಿತು ಎಂದೇ ಲೆಕ್ಕ.

ಹಾಗಾದರೆ ಏನು ಮಾಡಬಹುದು? ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತನೆ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸಬೇಡಿ. ಹಳೆ ಪ್ಲಾಸ್ಟಿಕ್ ಕವರಿನಿಂದ ಹಸಿರು ಅಂಟು ಹತ್ತಿದ್ದರೆ ಶುದ್ಧ ಅಸಿಟೋನಿನಲ್ಲಿ ಸ್ವಲ್ಪ ಹೊತ್ತು ಅದ್ದಿಡಬಹುದು. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಎಲ್ಲ ಇರುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಹಾಗಾಗಿ ಗ್ಯಾಸ್ ಒಲೆಯ ಹತ್ತಿರ ಅಲ್ಲ, ಬಾಲ್ಕನಿಯಲ್ಲಿ. ಇಷ್ಟರ ಆಚೆಗೆ ಏನೂ ಮಾಡಬೇಡಿ.

ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ನಾಣ್ಯ ಇಡುವ ಮನೆಗಳಿಗೆ ಒಂದು ಮಾತು. ಹಾಲು, ಅರಸಿನ, ಕುಂಕುಮ ಎಲ್ಲ ನಾಣ್ಯಕ್ಕೆ ಕಷ್ಟವೇ. ಪೂಜೆಗೆ ಈಗಿನ ಹೊಸ ಬೆಳ್ಳಿ ನಾಣ್ಯ ಒಂದನ್ನು ಬೇರೆ ಇಟ್ಟುಕೊಳ್ಳಿ. ಲಕ್ಷ್ಮಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೂಪ್, ಅಂದರೆ ಚಿನಿವಾರರು ಕಣ್ಣಿಗೆ ಹಿಡಿದುಕೊಳ್ಳುತ್ತಾರಲ್ಲ, ಆ ಭೂತಗನ್ನಡಿ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ. ಅಳತೆಗೆ ಪ್ಲಾಸ್ಟಿಕ್ ಕ್ಯಾಲಿಪರ್. ಲೋಹದ್ದಾದರೆ ನಾಣ್ಯಕ್ಕೆ ಗೀರು ಬೀಳುತ್ತದೆ. ಒಂದು ಅಯಸ್ಕಾಂತ. ಕೆಳಗೆ ಹಾಸಲು ದಪ್ಪ ಬಟ್ಟೆ, ಯಾಕೆಂದರೆ ಕೈ ಜಾರಿ ಮೊಸಾಯಿಕ್ ನೆಲದ ಮೇಲೆ ಬಿದ್ದ ನಾಣ್ಯದ ಅಂಚು ಚಪ್ಪಟೆಯಾಗುತ್ತದೆ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ವಡೆ ಹಿಡಿದ ಹಾಗೆ ಹಿಡಿದರೆ ಬೆರಳಿನ ಬೆವರಿನ ಗುರುತು ತಾಮ್ರದ ಮೇಲೆ ಕಾಯಂ ಉಳಿಯುತ್ತದೆ.

ಯಾವ ದೇಶದ್ದು, ಯಾವ ವರ್ಷದ್ದು?

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದು. ಇಂಗ್ಲಿಷ್ ಅಕ್ಷರ ಇದ್ದರೂ ದೇಶದ ಹೆಸರು ನಮಗೆ ಗೊತ್ತಿರುವ ಹೆಸರಾಗಿರುವುದಿಲ್ಲ. ಹೆಲ್ವೇಷಿಯಾ ಎಂದಿದ್ದರೆ ಸ್ವಿಟ್ಜರ್ಲೆಂಡ್. ಸುಓಮಿ ಎಂದರೆ ಫಿನ್ಲೆಂಡ್. ಮಗ್ಯಾರ್ ಎಂದು ಶುರುವಾದರೆ ಹಂಗೇರಿ. ನಾರ್ಗೆ ಎಂದರೆ ನಾರ್ವೆ, ಸ್ವೇರಿಗೆ ಎಂದರೆ ಸ್ವೀಡನ್. ಸಿ ಸಿ ಸಿ ಪಿ ಎಂದು ಓದುವ ಹಾಗೆ ಕಾಣುವ ನಾಲ್ಕು ಅಕ್ಷರ ಇದ್ದರೆ ಅದು ಹಳೆ ಸೋವಿಯತ್ ಒಕ್ಕೂಟ. ಅದು ರಷ್ಯನ್ ಲಿಪಿ, ಅವರು ಅದನ್ನು ಎಸ್ ಎಸ್ ಎಸ್ ಆರ್ ಎಂದೇ ಓದುತ್ತಾರೆ. ಅಪ್ಪನ ಬಾಟಲಿಯಲ್ಲಿ ಇಂಥದ್ದೇ 1961ರ 20 ಕೊಪೆಕ್ ಒಂದಿತ್ತು. ಇದರ ಸುದ್ದಿ ಆಮೇಲೆ ಬರುತ್ತದೆ.

ನಮ್ಮ ಕರಾವಳಿಯ ಮನೆಗಳಲ್ಲಿ ಜಾಸ್ತಿ ಸಿಗುವುದು ಗಲ್ಫಿನ ನಾಣ್ಯ. ಕುವೈತಿನದಾದರೆ ಹಾಯಿ ಹಡಗು ಇರುತ್ತದೆ. ಎಮಿರೇಟ್ಸಿನ ದಿರ್ಹಮಿನ ಮೇಲೆ ಮೂತಿ ಇರುವ ಕಾಫಿ ಹೂಜಿ. ಬಹ್ರೇನಿನ ಸಣ್ಣ ಚಿಲ್ಲರೆಯಾದ ಹಳೆ ಫಿಲ್ಸಿನ ಮೇಲೆ ಖರ್ಜೂರದ ಮರ. ಇವನ್ನು ಓದಲು ಅರಬ್ಬಿ ಅಂಕಿ ಕಲಿಯಬೇಕು, ಅರ್ಧ ಗಂಟೆ ಸಾಕು. ಒಂದು ಮತ್ತು ಒಂಬತ್ತು ನಮಗೆ ಗೊತ್ತಿರುವ ಹಾಗೇ ಇವೆ. ಬರೀ ಒಂದು ಚುಕ್ಕೆ ಇದ್ದರೆ ಅದು ಸೊನ್ನೆ. ನಾವು ಸೊನ್ನೆ ಎಂದುಕೊಳ್ಳುವ ದುಂಡನೆಯದು ಅವರ ಐದು. ಎರಡು ಮತ್ತು ಮೂರು ಕಡ್ಡಿಗೆ ಕೊಂಬು ಬಂದ ಹಾಗೆ, ಒಂದು ಬಾಗು ಇದ್ದರೆ ಎರಡು, ಎರಡು ಬಾಗು ಇದ್ದರೆ ಮೂರು. 3ನ್ನು ತಿರುಗಿಸಿಟ್ಟ ಹಾಗಿರುವುದು ನಾಲ್ಕು. 7ರ ಹಾಗೆ ಕಾಣುವುದು ಆರು. ಬಾಯಿ ಮೇಲೆ ಮಾಡಿದ ಕೋನ ಏಳು, ಅದನ್ನೇ ಬೋರಲು ಹಾಕಿದರೆ ಎಂಟು. ಹಾಗಾಗಿ ನಾಣ್ಯವನ್ನು ತಲೆಕೆಳಗು ಹಿಡಿದರೆ ಲೆಕ್ಕ ತಪ್ಪುತ್ತದೆ, ಹುಷಾರು. ಅಕ್ಷರ ಬಲದಿಂದ ಎಡಕ್ಕೆ ಓದಿದರೂ ಅಂಕಿಯನ್ನು ಮಾತ್ರ ನಮ್ಮ ಹಾಗೇ ಎಡದಿಂದ ಬಲಕ್ಕೆ ಓದಬೇಕು.

ಈಗ ವರ್ಷ. ಎಮಿರೇಟ್ಸ್, ಕುವೈತ್ ನಾಣ್ಯಗಳಲ್ಲಿ ಸಾಮಾನ್ಯವಾಗಿ ಹಿಜರಿ, ಅಂದರೆ ಮುಸ್ಲಿಮರ ಪಂಚಾಂಗದ ವರ್ಷ, ನಮ್ಮ ಕ್ಯಾಲೆಂಡರ್ ವರ್ಷ ಎರಡೂ ಇರುತ್ತವೆ. ಸೌದಿಯ ಹಳೆ ನಾಣ್ಯಗಳಲ್ಲಿ ಹಿಜರಿ ಮಾತ್ರ. ಹಿಜರಿ ವರ್ಷ ಚಂದ್ರನ ಲೆಕ್ಕ, ಸುಮಾರು 11 ದಿನ ಸಣ್ಣದು. ಅದಕ್ಕೆ ಸುಮ್ನೆ 622 ಕೂಡಿಸಿದರೆ ಆಗುವುದಿಲ್ಲ. 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಿ. 1408 ಎಂದಿದ್ದರೆ 1365.76 ಬರುತ್ತದೆ, 622 ಕೂಡಿಸಿದರೆ 1987.76. ಅಂದರೆ 1987-88ರ ನಾಣ್ಯ. ಇರಾನಿನದು ಸೂರ್ಯನ ಲೆಕ್ಕ, ಅಲ್ಲಿ 621 ಕೂಡಿಸಿದರೆ ಸಾಕು.

ನೇಪಾಳದ ನಾಣ್ಯದಲ್ಲಿ 2040 ಎಂದು ನೋಡಿ ಇದು ಮುಂದಿನ ಕಾಲದ್ದು ಎಂದು ನನ್ನ ಮಗಳು ಕೂಗಿದ್ದಳು. ಅದು ವಿಕ್ರಮ ಸಂವತ್ಸರ, 57 ಕಳೆಯಿರಿ, 1983 ಬರುತ್ತದೆ. ಥಾಯ್ಲೆಂಡಿನದು ಬುದ್ಧನ ಲೆಕ್ಕ, 543 ಕಳೆಯಬೇಕು. ಜಪಾನಿನವರು ರಾಜರ ಆಳ್ವಿಕೆಯ ವರ್ಷ ಹಾಕುತ್ತಾರೆ. ಶೋವಾ ಆದರೆ 1925 ಕೂಡಿಸಿ, ಹೇಸೇ ಆದರೆ 1988, ರೇವಾ ಆದರೆ 2018. ಜಪಾನಿನ 5 ಯೆನ್, 50 ಯೆನ್ ನಾಣ್ಯಗಳಿಗೆ ನಡುವೆ ತೂತು ಇರುವುದರಿಂದ ಗುರುತು ಹಿಡಿಯುವುದು ಸುಲಭ. ನಮ್ಮ ಹಿರಿಯರು ನೋಡಿದ್ದ 1943ರ ತೂತಿನ ಪೈಸೆಯ ಅಣ್ಣ ತಮ್ಮಂದಿರು.

ಇಷ್ಟಾದ ಮೇಲೆ ನ್ಯೂಮಿಸ್ಟಾ ಎಂಬ ಜಾಲತಾಣದಲ್ಲಿ ದೇಶ, ಬೆಲೆ, ವರ್ಷ ಹಾಕಿ ಹುಡುಕಿ. ತೂಕ, ಅಗಲ, ಲೋಹ, ಚಿತ್ರ ಎಲ್ಲ ಸಿಗುತ್ತದೆ. ಅಲ್ಲಿ, ಹಾಗೇ ವ್ಯಾಪಾರಿಗಳ ಬಾಯಲ್ಲಿ, ಕೆಎಂ ನಂಬರ್ ಎಂದು ಬರುತ್ತದೆ. ಅದು ಕ್ರೌಸ್ ಮತ್ತು ಮಿಶ್ಲರ್ ಎಂಬವರ ಕ್ಯಾಟಲಾಗಿನಲ್ಲಿ ಆ ನಾಣ್ಯಕ್ಕೆ ಕೊಟ್ಟ ನಂಬರು. ಚೀಟಿಯಲ್ಲಿ ಅದನ್ನೂ ಬರೆದುಕೊಳ್ಳಿ, ಬದಲಾಯಿಸಿಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ.

ಎಲ್ಲವನ್ನೂ ಕೂಡಿಸಲು ಹೋಗಬೇಡಿ

ಜಗತ್ತಿನ ಎಲ್ಲ ನಾಣ್ಯ ಬೇಕು ಎಂದು ಹೊರಟರೆ ಆರು ತಿಂಗಳಲ್ಲಿ ಸುಸ್ತು. ಒಂದು ದಾರಿ ಆರಿಸಿಕೊಳ್ಳಿ. ಹಡಗಿನ ಚಿತ್ರ ಇರುವುದು ಮಾತ್ರ, ಅಥವಾ ನೀವು ಹುಟ್ಟಿದ ವರ್ಷದ್ದು ಮಾತ್ರ, ಅಥವಾ ತೂತು ಇರುವುದು ಮಾತ್ರ. ನಾನು ಆರಿಸಿಕೊಂಡದ್ದು ಮುಂಬೈಯಲ್ಲಿ ಹುಟ್ಟಿ ಜಗತ್ತಿಗೆ ಹೋದ ನಾಣ್ಯಗಳು. ಮುಂಬೈಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದೇ ನನ್ನ ವಾದ.

ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಎದುರು ಇರುವ ಟಂಕಸಾಲೆ ಕಟ್ಟಿದ್ದು 1820ರ ದಶಕದಲ್ಲಿ. ನಮ್ಮ ಜೇಬಿನ ನಾಣ್ಯದಲ್ಲಿ ವರ್ಷದ ಕೆಳಗೆ ವಜ್ರದ ಆಕಾರದ ಗುರುತು ಇದ್ದರೆ ಅದು ಇಲ್ಲಿಯದು. ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಈ ಟಂಕಸಾಲೆ ಬೇರೆ ದೇಶಗಳ ನಾಣ್ಯವನ್ನೂ ಒತ್ತಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942 ಮತ್ತು 1943ರಲ್ಲಿ, ಆಸ್ಟ್ರೇಲಿಯಾದ ಪೆನ್ನಿ, ಅರ್ಧ ಪೆನ್ನಿಗಳು ಇಲ್ಲಿ ತಯಾರಾದವು. ರಾಜನ ತಲೆಯ ಕೆಳಗೆ ಇಂಗ್ಲಿಷಿನ ಐ ಅಕ್ಷರ ಸಣ್ಣದಾಗಿ ಇದ್ದರೆ ಅದು ಬೊಂಬಾಯಿಯದು. ಪೂರ್ವ ಆಫ್ರಿಕಾದ 1942ರ ಶಿಲ್ಲಿಂಗುಗಳಲ್ಲೂ ಕೆಲವಕ್ಕೆ ಇದೇ ಐ ಗುರುತು ಇದೆ.

ಇನ್ನೊಂದು ಮರಿಯಾ ಥೆರೇಸಾ ಥಾಲರ್. ಆಸ್ಟ್ರಿಯಾದ ರಾಣಿ ತೀರಿಕೊಂಡದ್ದು 1780ರಲ್ಲಿ. ಆ ಬೆಳ್ಳಿ ನಾಣ್ಯವನ್ನು ಅರಬ್ಬರು, ಇಥಿಯೋಪಿಯಾದವರು ಎಷ್ಟು ನಂಬಿದರೆಂದರೆ ಬೇರೆ ಬೇರೆ ದೇಶಗಳಲ್ಲಿ 1780 ಎಂದೇ ವರ್ಷ ಹಾಕಿ ಒತ್ತುತ್ತಾ ಹೋದರು. 1940-41ರಲ್ಲಿ ಬೊಂಬಾಯಿಯಲ್ಲೂ ಒತ್ತಿದರು. ತೂಕ ಸುಮಾರು 28 ಗ್ರಾಂ. ಹಾಗಾಗಿ ಯಾರಾದರೂ "1780ರ ನಾಣ್ಯ, ಇನ್ನೂರು ವರ್ಷ ಹಳೆಯದು" ಎಂದು ಬೆಲೆ ಹೇಳಿದರೆ ಒಂದು ನಗೆ ನಕ್ಕು ಬೆಳ್ಳಿಯ ಬೆಲೆಯಿಂದ ಮಾತು ಶುರು ಮಾಡಿ.

ಚಿನ್ನದ ಮಾತು ಬಂದರೆ 1918. ಬ್ರಿಟಿಷರ ಸವರನ್ ನಾಣ್ಯ ಆ ಒಂದೇ ವರ್ಷ ಬೊಂಬಾಯಿಯಲ್ಲಿ ತಯಾರಾಯಿತು. ನಾಣ್ಯದ ಹಿಂಬದಿಯಲ್ಲಿರುವ ಕುದುರೆಯ ಕಾಲ ಕೆಳಗಿನ ನೆಲದ ಗೆರೆಯಲ್ಲಿ, ವರ್ಷದ ಮೇಲೆ, ಅದೇ ಐ ಅಕ್ಷರ. ಸವರನ್ನಿನ ತೂಕ 7.98 ಗ್ರಾಂ, 22 ಕ್ಯಾರೆಟ್. ಮಂಗಳೂರು, ಉಡುಪಿ ಕಡೆ ಈಗಲೂ ಚಿನ್ನವನ್ನು ಪವನಿನಲ್ಲಿ ಎಣಿಸುತ್ತಾರಲ್ಲ, ಪವನಿಗೆ ಎಂಟು ಗ್ರಾಂ, ಲೆಕ್ಕ ಹೊಂದುತ್ತದೆ ನೋಡಿ. ಅಜ್ಜಿಯ ಕಾಸಿನ ಸರದಲ್ಲಿ ನಿಜವಾದ ಸವರನ್ ಪೋಣಿಸಿದ್ದರೆ ಕರಗಿಸಲು ಕೊಡುವ ಮೊದಲು ಲೂಪ್ ಹಿಡಿದು ಆ ಗೆರೆಯನ್ನೊಮ್ಮೆ ನೋಡಿ. ಕೊಂಡಿ ಬೆಸೆದದ್ದರಿಂದ ಸಂಗ್ರಹದ ಬೆಲೆ ಕಮ್ಮಿಯಾಗಿರುತ್ತದೆ. ಆದರೂ ಫೋರ್ಟಿನಲ್ಲಿ ಒತ್ತಿದ್ದು ಎಂದು ಗೊತ್ತಾದರೆ ಕರಗಿಸಲು ಮನಸ್ಸು ಬರುವುದಿಲ್ಲ.

ಎಲ್ಲಿ ಹುಡುಕುವುದು?

ಮೊದಲು ನೆಂಟರ ಮನೆ. ಗಲ್ಫಿನಿಂದ ವಾಪಸ್ ಬಂದವರ ಸೂಟ್‌ಕೇಸಿನ ಮೂಲೆಯಲ್ಲಿ ಚಿಲ್ಲರೆ ಇದ್ದೇ ಇರುತ್ತದೆ. ಬ್ಯಾಂಕಿನವರು, ಮನಿ ಚೇಂಜರಿನವರು ನೋಟು ತೆಗೆದುಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಅದಕ್ಕೇ ಅದು ಮನೆಯಲ್ಲೇ ಉಳಿದಿರುತ್ತದೆ. "ಮಾವ, ಆ ಹಳೆ ಚಿಲ್ಲರೆ ಏನು ಮಾಡಿದ್ರಿ?" ಎಂದು ಕೇಳಿದರೆ ಸಾಕು, ಡಬ್ಬಿಯೇ ಬರುತ್ತದೆ. ನಮ್ಮ ಮಾವ ಒಬ್ಬರು ಡಬ್ಬಿ ಕೊಡುವಾಗ ಹೇಳಿದ್ದು, ಅವರ ತಂದೆ ಹೋದ ಕಾಲದಲ್ಲಿ ಅಲ್ಲೆಲ್ಲ ನಮ್ಮ ರೂಪಾಯಿಯೇ ನಡೆಯುತ್ತಿತ್ತಂತೆ. ಅದು ನಿಜ. ಕುವೈತ್ ತನ್ನ ದಿನಾರ್ ತಂದದ್ದು 1961ರಲ್ಲಿ, ಬಹ್ರೇನ್ 1965ರಲ್ಲಿ, ಎಮಿರೇಟ್ಸಿನ ದಿರ್ಹಮ್ ಬಂದದ್ದು 1973ರಲ್ಲಿ. ಗಲ್ಫಿಗೆಂದೇ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಮಾಡಿತ್ತು.

ಆಮೇಲೆ ಚೋರ್ ಬಜಾರ್. ಮಟನ್ ಸ್ಟ್ರೀಟಿನ ಹಳೆ ಸಾಮಾನಿನ ಅಂಗಡಿಗಳಿಗೆ ಶುಕ್ರವಾರ ರಜೆ. ಅದೇ ಶುಕ್ರವಾರ ಬೆಳಗಿನ ಜಾವ ರಸ್ತೆ ಮೇಲೆ ಗುಜರಿ ಹರಡಿಕೊಂಡು ಕೂರುತ್ತಾರೆ. ಪುಣೆಯವರಿಗೆ ಬುಧವಾರ, ಭಾನುವಾರದ ಜೂನಾ ಬಜಾರ್ ಇದೆ. ಗೋವಾ ಕಡೆ ಹೋದರೆ ಪೋರ್ಚುಗೀಸರ ಕಾಲದ ನಾಣ್ಯ ಸಿಗುತ್ತದೆ. 1958ರವರೆಗೆ ಅಲ್ಲಿ ರೂಪಿಯಾ, ಟಾಂಗ, ಆಮೇಲೆ 1961ರವರೆಗೆ ಎಸ್ಕುಡೊ. ಒಂದು ರೂಪಿಯಾಕ್ಕೆ 16 ಟಾಂಗ, ನಮ್ಮ ರೂಪಾಯಿಗೆ 16 ಆಣೆ ಇದ್ದ ಹಾಗೇ.

ಬಜಾರಿನಲ್ಲಿ ಮೊದಲು ಸಣ್ಣ ಬೆಲೆಯ ಡಬ್ಬದ ಮುಂದೆ ಕೂತುಕೊಳ್ಳಿ. ವಿದೇಶಿ ನಾಣ್ಯಗಳನ್ನು ವ್ಯಾಪಾರಿಗಳು ಅಷ್ಟು ಗಮನಿಸುವುದಿಲ್ಲ, ಅವರ ಕಣ್ಣೆಲ್ಲ ಮೊಘಲರ ಮೇಲೆ, ವಿಕ್ಟೋರಿಯಾದ ಮೇಲೆ. ನನ್ನ ಐ ಗುರುತಿನ ಆಫ್ರಿಕಾದ ಶಿಲ್ಲಿಂಗ್ ಹಾಗೆಯೇ ಸಿಕ್ಕಿದ್ದು, ಒಂದು ಚಹಾದ ಬೆಲೆಗೆ. ಅಲ್ಲೇ ಅಮೆರಿಕದ 1964 ಮತ್ತು ಅದಕ್ಕಿಂತ ಹಿಂದಿನ ಕ್ವಾರ್ಟರ್ (25 ಸೆಂಟ್), ಡೈಮ್ (10 ಸೆಂಟ್) ಸಿಕ್ಕರೆ ಬಿಡಬೇಡಿ, 90 ಭಾಗ ಬೆಳ್ಳಿ. ಬ್ರಿಟನ್ನಿನ ಶಿಲ್ಲಿಂಗ್ 1919ರವರೆಗೆ 92.5 ಭಾಗ ಬೆಳ್ಳಿ, 1920ರಿಂದ 1946ರವರೆಗೆ ಅರ್ಧ ಬೆಳ್ಳಿ, 1947ರಿಂದ ಬೆಳ್ಳಿ ಇಲ್ಲವೇ ಇಲ್ಲ. ಬೆಳಿಗ್ಗೆ ಬೇಗ ಹೋದರೆ ಬೋಣಿ ಹೊತ್ತು, ಬೆಲೆ ಸ್ವಲ್ಪ ಇಳಿಯುತ್ತದೆ. ಮುಖದಲ್ಲಿ ಮಾತ್ರ ಖುಷಿ ತೋರಿಸಬೇಡಿ.

ಕೊಳ್ಳುವ ಮೊದಲು ಒಂದು ದಿನ ಕಣ್ಣಿಗೆ ಅಭ್ಯಾಸ ಮಾಡಿಸಿ. ಫೋರ್ಟಿನ ಪಿ.ಎಂ. ರೋಡಿನ ಅಮರ್ ಬಿಲ್ಡಿಂಗಿನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಇದೆ, 2004ರಲ್ಲಿ ಶುರುವಾದದ್ದು, ಸೋಮವಾರ ರಜೆ. ಕಾಲಾಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲೂ ದೊಡ್ಡ ನಾಣ್ಯ ಸಂಗ್ರಹ ಇದೆ. ಅಸಲಿಯನ್ನು ನೂರು ಸಲ ನೋಡಿದ ಕಣ್ಣಿಗೆ ನಕಲಿ ತಾನಾಗಿ ಚುಚ್ಚುತ್ತದೆ.

ನಕಲಿ ಹಿಡಿಯುವುದು

ಮೊದಲು ತೂಕ. ಬ್ರಿಟಿಷರ ಬೆಳ್ಳಿ ರೂಪಾಯಿ 11.66 ಗ್ರಾಂ. ಸವೆದದ್ದಾದರೆ ಸ್ವಲ್ಪ ಕಮ್ಮಿ ಬರಬಹುದು, ಹತ್ತು ಗ್ರಾಂ ಬಂದರೆ ಎದ್ದು ಬನ್ನಿ. ಆಮೇಲೆ ಅಂಚು. ಅಚ್ಚಿಗೆ ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಒಂದು ಸೇರಿಕೆಯ ಗೆರೆ ಕಾಣುತ್ತದೆ, ಲೂಪಿನಲ್ಲಿ ನೋಡಿದರೆ ಮೈಮೇಲೆ ಸಣ್ಣ ಗುಳ್ಳೆಯ ತೂತುಗಳು. ಅಕ್ಷರಗಳು ಸಾಬೂನಿನ ಮೇಲೆ ಬರೆದ ಹಾಗೆ ಮೊಂಡಾಗಿರುತ್ತವೆ.

ಅಯಸ್ಕಾಂತಕ್ಕೆ ಬೆಳ್ಳಿ ಅಂಟುವುದಿಲ್ಲ. ಹಾಗಂತ ಅಂಟಿದ್ದೆಲ್ಲ ನಕಲಿಯೂ ಅಲ್ಲ. ಹಿಂಬದಿಯಲ್ಲಿ ಹುಲಿ ಇರುವ 1947ರ ರೂಪಾಯಿ ನಿಕ್ಕಲಿನದು, ಅದು ಅಂಟುತ್ತದೆ. ಅಮೆರಿಕದ 1943ರ ಸೆಂಟ್ ಉಕ್ಕಿನದು, ಅದೂ ಅಂಟುತ್ತದೆ. ಆ ವರ್ಷ ತಾಮ್ರವೆಲ್ಲ ಯುದ್ಧಕ್ಕೆ ಹೋಗಿತ್ತು.

ರಾಮ, ಸೀತೆ, ಹನುಮಂತ ಇರುವ, ಈಸ್ಟ್ ಇಂಡಿಯಾ ಕಂಪನಿ ಎಂದು ಬರೆದು 1717, 1818 ಎಂದೆಲ್ಲ ವರ್ಷ ಹಾಕಿದ ಬಿಲ್ಲೆಗಳು ಎಲ್ಲ ಬಜಾರಿನಲ್ಲೂ ಸಿಗುತ್ತವೆ. ಕಂಪನಿ ಅಂಥ ನಾಣ್ಯ ಮಾಡಲೇ ಇಲ್ಲ. ಭಕ್ತಿಗೆ ಇಟ್ಟುಕೊಳ್ಳಿ, ದುಡ್ಡಿಗೆ ಅಲ್ಲ. ಅಕ್ಕಿ ಕಾಳನ್ನು ಎಳೆಯುತ್ತದೆ, ಕೋಟಿ ಬೆಲೆ ಎಂದು ಯಾರಾದರೂ ಹೇಳಿದರೆ ಅವರು ಎಳೆಯಲು ನೋಡುತ್ತಿರುವುದು ನಿಮ್ಮ ಜೇಬನ್ನು. ಟಿಪ್ಪುವಿನ ಆನೆ ಪೈಸೆಗೂ ನಕಲಿ ಬಹಳ. ನಮ್ಮವನೇ ಎಂಬ ಪ್ರೀತಿಯಲ್ಲಿ ಕನ್ನಡಿಗರು ಬೇಗ ಬೀಳುತ್ತಾರೆ, ನಾನೂ ಬಿದ್ದಿದ್ದೇನೆ.

ಮಳೆಗಾಲದಲ್ಲಿ ಕಾಪಾಡುವುದು

ಮುಂಬೈಯ ಜುಲೈ ತಿಂಗಳು ಗೊತ್ತಲ್ವಾ. ಚಪ್ಪಲಿಗೆ ಬೂಸ್ಟು ಬರುವ ಊರಿನಲ್ಲಿ ತಾಮ್ರದ ನಾಣ್ಯಕ್ಕೆ ಹಸಿರು ಕಿಲುಬು ಬರುವುದು ದೊಡ್ಡ ಮಾತಲ್ಲ. ಗಾಳಿಯಲ್ಲಿ ಉಪ್ಪು ಬೇರೆ ಇದೆ.

ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಆಲ್ಬಮ್ ಕೊಳ್ಳಬೇಡಿ. ಅದು ಪಿವಿಸಿ. ಕೆಲವು ವರ್ಷಕ್ಕೆ ಅದರಿಂದ ಆಮ್ಲ ಹೊರಬಂದು ನಾಣ್ಯಕ್ಕೆ ಹಸಿರು ಅಂಟು ಹತ್ತುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆ ಇರುವ ಚೌಕದ ರಟ್ಟಿನ ಹೋಲ್ಡರುಗಳು ಸಿಗುತ್ತವೆ, ಅವು ಅಗ್ಗ, ಒಳ್ಳೆಯವು. ಸ್ಟೇಪಲ್ ಹೊಡೆದ ಮೇಲೆ ಪಿನ್ನನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ರಟ್ಟಿನ ಮೇಲೆ ಬರೆಯುವುದನ್ನು ನಾಣ್ಯ ಹಾಕುವ ಮೊದಲೇ ಬರೆಯಿರಿ.

ಹೋಲ್ಡರುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಬಣ್ಣದ್ದು ತೇವ ಹೀರಿದ ಮೇಲೆ ಗುಲಾಬಿಯಾಗುತ್ತದೆ, ಆಗ ಬದಲಾಯಿಸಿ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮಳೆ ಬಡಿಯುವ ಹೊರಗೋಡೆಗೆ ತಾಗಿದ ಕಪಾಟಿನಲ್ಲೂ ಬೇಡ. ಜೂನಿನಲ್ಲಿ ಮುಚ್ಚಿದ್ದನ್ನು ಅಕ್ಟೋಬರಿನವರೆಗೆ ಆದಷ್ಟು ತೆರೆಯದೆ ಇರುವುದು ನಮ್ಮ ಮನೆಯ ನಿಯಮ. ಮಗಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ಹಂಚಿಕೊಳ್ಳುವುದು

ಒಂದೇ ಥರದ ನಾಣ್ಯ ನಾಲ್ಕು ಇದ್ದರೆ ಚೆನ್ನಾಗಿರುವ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬೇರೆ ಡಬ್ಬಿಗೆ ಹಾಕಿ. ಬದಲಾಯಿಸಿಕೊಳ್ಳಲು ಅದೇ ಬಂಡವಾಳ. ಗೆಳೆಯರ ಜೊತೆ ಬದಲಾಯಿಸುವಾಗ ನಾನು ಬೆಲೆ ನೋಡುವುದಿಲ್ಲ, ಒಂದಕ್ಕೆ ಒಂದು. ಬೆಳ್ಳಿ ಬಂದಾಗ ಮಾತ್ರ ತೂಕ. ಆದರೆ ನಾಣ್ಯದ ಸ್ಥಿತಿಯನ್ನು ಇಬ್ಬರೂ ಒಂದೇ ಮಾತಿನಲ್ಲಿ ಹೇಳಬೇಕು. ಫೈನ್ ಎಂದರೆ ಚೆನ್ನಾಗಿದೆ ಎಂದಲ್ಲ, ಸಾಕಷ್ಟು ಸವೆದಿದೆ ಆದರೆ ಎಲ್ಲ ಓದಲು ಬರುತ್ತದೆ ಎಂದು. ಅದರ ಮೇಲೆ ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಕೊನೆಗೆ ಚಲಾವಣೆಗೇ ಹೋಗದ ಅನ್‌ಸರ್ಕ್ಯುಲೇಟೆಡ್. ಕಿಟಕಿಯ ಬೆಳಕಿನಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ಎರಡೂ ಬದಿಯ ಫೋಟೋ ಕಳಿಸಿದರೆ ಜಗಳ ಇಲ್ಲ.

ವಿದೇಶಕ್ಕೆ ಕಳಿಸುವ ಮೊದಲು ಕಾನೂನು ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ಮೀರಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ನಮ್ಮಂಥವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ದುಬೈಯಲ್ಲಿರುವ ತಮ್ಮನಿಗೆ ಪ್ರೀತಿಯಿಂದ ವಿಕ್ಟೋರಿಯಾ ರೂಪಾಯಿ ಬ್ಯಾಗಿನಲ್ಲಿ ಹಾಕಿ ಕೊಟ್ಟರೆ ಏರ್‌ಪೋರ್ಟಿನಲ್ಲಿ ಅವನಿಗೆ ತಾಪತ್ರಯ. ಹೊಸ ಕಾಲದ್ದನ್ನು ಅಂಚೆಯಲ್ಲಿ ಕಳಿಸುವುದಾದರೂ ಸಾದಾ ಲಕೋಟೆಯಲ್ಲಿ ತುರುಕಬೇಡಿ, ಯಾವ ಬಗೆಯಲ್ಲಿ ಕಳಿಸಬಹುದು ಎಂದು ಕೌಂಟರಿನಲ್ಲಿ ಕೇಳಿ. ಊರಿನಲ್ಲಿ ತೋಟ ಅಗೆಯುವಾಗ ನಾಣ್ಯದ ಗಡಿಗೆ ಸಿಕ್ಕಿದರೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಮಾರಾಯ್ರೇ. ಅದಕ್ಕೆ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು.

ಮಾರುವವರಿಗೆ ಒಂದೇ ಎಚ್ಚರಿಕೆ. "ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಫೀಸು ಕಟ್ಟಿ" ಎಂದು ಬರುವ ಕರೆಗಳೆಲ್ಲ ಮೋಸ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿದರಂತೂ ಖಂಡಿತ ಮೋಸ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಫೀಸು ಕೇಳುವುದಿಲ್ಲ ಎಂದು ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿದೆ.

ದುಡ್ಡಿಲ್ಲದ ಹಂಚಿಕೆ ನನಗೆ ಜಾಸ್ತಿ ಇಷ್ಟ. ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಮೇ ರಜೆಯಲ್ಲಿ ಆಟ ಆಡಿಸುತ್ತೇನೆ. ಒಬ್ಬೊಬ್ಬರಿಗೆ ಐದು ನಾಣ್ಯ, ಗೋಡೆಗೆ ಜಗತ್ತಿನ ನಕಾಶೆ. ಯಾವ ದೇಶ ಎಂದು ಓದಿ ನಕಾಶೆಯಲ್ಲಿ ತೋರಿಸಿದರೆ ಒಂದು ನಾಣ್ಯ ಅವರದ್ದೇ. ನಾಣ್ಯ ಕೊಡುವಾಗ ಚೀಟಿಯನ್ನೂ ಕೊಡುತ್ತೇನೆ, ಅದರಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರು, ತಾರೀಕು.

ಹೋದ ವರ್ಷ ಅಪ್ಪನ ಬಾಟಲಿಯ ಎಲ್ಲ ನಾಣ್ಯಗಳ ಫೋಟೋ ತೆಗೆದು, ಅದೇ ಹೋಟೆಲಿನಲ್ಲಿ ಅಪ್ಪನ ಜೊತೆ ಸಪ್ಲಾಯರ್ ಆಗಿದ್ದ ಒಬ್ಬರಿಗೆ ಕಳಿಸಿದೆ. ಈಗ ಕುಂದಾಪುರದ ಹತ್ತಿರ ಮಗನ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ. ಮೂರು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿದರು. "ಆ ರಷ್ಯಾದ್ದು ಉಂಟಲ್ಲ, ಅದು ಹಡಗಿನವ ಕೊಟ್ಟದ್ದು. ಎರಡು ಮಸಾಲೆ ದೋಸೆ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು. ನಿಮ್ಮಪ್ಪ ಅವನಿಗೆ ಮೊಸರು ತರಿಸಿ ಕೊಟ್ಟರು, ಅದಕ್ಕೆ ಬಿಲ್ ಹಾಕಲಿಲ್ಲ. ಹೋಗುವಾಗ ಅವ ಇದನ್ನು ಗಲ್ಲಾದ ಮೇಲೆ ಇಟ್ಟು ಹೋದ." ಯಾವ ವರ್ಷ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಮೊಸರು ಪ್ಲೇಟಿಗೆ ನಾಲ್ಕಾಣೆ ಇದ್ದ ವರ್ಷ ಎಂದರು. ಚೀಟಿಯಲ್ಲಿ ಹಾಗೆಯೇ ಬರೆದಿದ್ದೇನೆ.